ಸಾಲ ಎತ್ತಿದವನು ಕಳ್ಳ, ತೆರಬೇಕಾದವನು ಕೂಲಿಕಾರನೇ?

ಹಿಂದೆ ಸಾಹುಕಾರನು ಖಾಲಿ ಕಾಗದದ ಮೇಲೆ ಬಡವನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದನು. ಆಗ ಹೆಬ್ಬೆಟ್ಟಿನ ಒಡೆಯನಾದರೂ ಎದುರಿಗಿರಬೇಕಾಗಿತ್ತು. ಇಂದು ಅದೂ ಬೇಡ. ಪ್ಯಾನ್ ಸಂಖ್ಯೆ, ಆಧಾರ್ ನಕಲು, ಒಂದು ಫೋಟೋ ಕೈಗೆ ಸಿಕ್ಕರೆ ಸಾಕು. ಯಾವುದೋ ಊರಿನ ಕಳ್ಳನು ನಮ್ಮ ಕೂಲಿಕಾರನ ಹೆಸರಿನಲ್ಲಿ ಸಾಲ ಎತ್ತುತ್ತಾನೆ. ವಸೂಲಿಯವರು ಬರುವುದು ಮಾತ್ರ ಕೂಲಿಕಾರನ ಬಾಗಿಲಿಗೆ!

ಕಾನೂನೇ ಇಲ್ಲವೆಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಗುರುತಿನ ಕಳವಿಗೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ ಉಂಟು. ಬೇರೊಬ್ಬನೆಂದು ನಟಿಸಿ ವಂಚಿಸಿದವನಿಗೆ 66ಡಿ ಕಲಮೂ ಭಾರತೀಯ ನ್ಯಾಯ ಸಂಹಿತೆಯ 319ನೆಯ ಕಲಮೂ ಇವೆ. "ಇದು ನಮ್ಮ ಸರಹದ್ದಲ್ಲ" ಎಂದು ಠಾಣೆಯವರು ಅಟ್ಟಿದರೆ ಹಿಂತಿರುಗಬೇಡಿ. ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ದೂರು ಬರೆದುಕೊಳ್ಳಬೇಕು. ಅದರ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಕೇಳದಿದ್ದರೆ ಜಿಲ್ಲಾ ಪೋಲೀಸ್ ಸೂಪರಿಂಟೆಂಡೆಂಟರಿಗೆ ಲಿಖಿತ ಅರ್ಜಿ. ಅಲ್ಲಿಯೂ ಮೌನವಾದರೆ ಮ್ಯಾಜಿಸ್ಟ್ರೇಟರ ಕೋರ್ಟು. ಖಾತೆಯಿಂದ ಹಣವೇ ಹೋಗಿದ್ದರೆ ಕೂಡಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿರಿ.

ಸಾಲದ ಕಲೆ ಕ್ರೆಡಿಟ್ ವರದಿಯಲ್ಲಿ ಕುಳಿತಿರುತ್ತದೆ. 2005ರ ಕಾಯ್ದೆಯಂತೆ ಅದನ್ನು ತಿದ್ದಿಸುವ ಹಕ್ಕು ನಿಮ್ಮದು. 30 ದಿನದೊಳಗೆ ದೂರನ್ನು ತೀರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು 2023ರಲ್ಲಿ ರಿಸರ್ವ್ ಬ್ಯಾಂಕ್ ಆಜ್ಞೆ ಮಾಡಿತು. ನೋಡಿರಿ ಈ ಔದಾರ್ಯವನ್ನು! ಮೊದಲ ತಿಂಗಳ ಕಿರುಕುಳಕ್ಕೆ ಬೆಲೆಯಿಲ್ಲ. ಆಮೇಲಿನದಕ್ಕೆ ಅರ್ಧ ದಿನದ ಕೂಲಿಯೂ ಇಲ್ಲ!

ನಷ್ಟ ತುಂಬಿಸಿಕೊಳ್ಳಬೇಕೆಂದರೆ 5 ಕೋಟಿಯವರೆಗಿನ ದಾವೆಯನ್ನು ಕೇಳುವ ನಿರ್ಣಯಾಧಿಕಾರಿ ಇದ್ದಾರೆ. ಯಾರು? ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಗಳು! ಬೀದರಿನ ಬೀಡಿ ಕಟ್ಟುವವಳು ಅವರನ್ನು ಅರಸಿ ಬೆಂಗಳೂರಿಗೆ ಹೋದಾಳೆ? ಇನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ. ಜನರ ಮಾಹಿತಿಯನ್ನು ಕಾಯದ ಕಂಪೆನಿಗೆ 250 ಕೋಟಿಯವರೆಗೆ ದಂಡವೆಂದು ಅದು ಗುಡುಗುತ್ತದೆ. ಆದರೆ ಆ ದಂಡವೆಲ್ಲ ಸೇರುವುದು ಕೇಂದ್ರದ ಬೊಕ್ಕಸಕ್ಕೆ. ಹೆಸರು ಕಳೆದುಕೊಂಡವನಿಗೆ ಕಾಸೂ ಇಲ್ಲ. ಕಂಪೆನಿಯ ಅಲಕ್ಷ್ಯಕ್ಕೆ ಪರಿಹಾರ ಕೊಡಿಸುವ ಹಳೆಯ 43ಎ ಕಲಮನ್ನೇ ಕಿತ್ತುಹಾಕುವ ಏರ್ಪಾಡೂ ಅದರಲ್ಲಿದೆ. ಸುಳ್ಳು ದೂರು ಕೊಟ್ಟ ಪ್ರಜೆಗೆ 10,000 ರೂಪಾಯಿಯವರೆಗೆ ದಂಡ ಹಾಕುವುದನ್ನು ಮಾತ್ರ ಮರೆತಿಲ್ಲ!

ಮುಖ ನೋಡದೆ ಸಾಲ ಕೊಟ್ಟವನು ಬಡ್ಡಿಯ ಆಸೆಗೆ ಕೊಟ್ಟನು. ಲಾಭ ಅವನದಾದರೆ ನಷ್ಟವೂ ಅವನದೇ ಆಗಬೇಕು. "ನಾನು ಪಡೆದಿಲ್ಲ" ಎಂದು ಬಡವನು ರುಜುವಾತು ಮಾಡುವುದಲ್ಲ. "ಇವನೇ ಪಡೆದನು" ಎಂದು ಕೊಟ್ಟವನು ರುಜುವಾತು ಮಾಡಲಿ. ಅಲ್ಲಿಯವರೆಗೆ ವಸೂಲಿ ನಿಲ್ಲಲಿ. ನಿರ್ಣಯಾಧಿಕಾರಿಯ ಕಚೇರಿ ಪ್ರತಿ ಜಿಲ್ಲೆಗೆ ಬರಲಿ. ದಂಡದ ಹಣದಲ್ಲಿ ನೊಂದವನಿಗೆ ಪಾಲು ಸಿಗಲಿ. ನಮ್ಮ ಒತ್ತಾಯ ಇದು.

ಅಲ್ಲಿಯವರೆಗೆ, ಓದುಗರೇ, ಬೆದರಿಕೆಗೆ ಅಂಜಿ ಒಂದು ಕಂತನ್ನೂ ಕಟ್ಟಬೇಡಿರಿ. ಕಟ್ಟಿದರೆ ಸಾಲವನ್ನು ಒಪ್ಪಿಕೊಂಡಿರೆಂದೇ ಅವರು ವಾದಿಸುವರು. "ಈ ಸಾಲ ನನ್ನದಲ್ಲ" ಎಂದು ಬರೆದು ಕಳಿಸಿರಿ, ಸ್ವೀಕೃತಿ ಪಡೆಯಿರಿ, ಠಾಣೆಗೆ ಒಬ್ಬರೇ ಹೋಗದೆ ನಾಲ್ಕು ಜನ ಕೂಡಿ ಹೋಗಿರಿ.