ಹಡಗು ಬಂತು, ಸರಕು ಇಳಿಯಲಿಲ್ಲ

ಕಂಪ್ಯೂಟರಿನಲ್ಲಿ ಆಡುವ ನೌಕಾಯುದ್ಧದ ಆಟಗಳು ಬಹುಮಟ್ಟಿಗೆ ಒಂದೇ ಬಗೆಯವು. ಗುಂಡು ಹಾರುತ್ತದೆ, ಹಡಗು ಮುಳುಗುತ್ತದೆ, ಅಂಕ ಏರುತ್ತದೆ. ಆ ಗುಂಡು ಎಲ್ಲಿಂದ ಬಂತು, ಹಡಗಿಗೆ ಎಣ್ಣೆ ತುಂಬಿದವರು ಯಾರು, ನಾವಿಕರು ಏನು ಉಂಡರು ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ.

ಇವೇ ಪ್ರಶ್ನೆಗಳನ್ನು ಆಟಗಾರನ ಮುಂದಿಡುವ ಆಟಗಳೂ ಇವೆ. 2004ರಲ್ಲಿ ಹೊರಬಂದ ‘ವಾರ್ ಇನ್ ದ ಪೆಸಿಫಿಕ್’ ಅಂಥದೊಂದು. 2009ರಲ್ಲಿ ಅದರ ಹಿಗ್ಗಿಸಿದ ಆವೃತ್ತಿಯೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಮತ್ತು ಮಿತ್ರರಾಷ್ಟ್ರಗಳ ನಡುವೆ ಶಾಂತಸಾಗರದಲ್ಲಿ ನಡೆದ ಹೋರಾಟವೇ ಅದರ ವಸ್ತು. ಆಟದ ಒಂದು ಸರದಿ ಎಂದರೆ ಯುದ್ಧದ ಒಂದು ದಿನ. ಪ್ರತಿ ಬಂದರಿಗೂ ಒಂದು ದರ್ಜೆಯುಂಟು. ಇಂಧನದ ಲೆಕ್ಕ ಬೇರೆ, ಉಳಿದ ಸಾಮಗ್ರಿಯ ಲೆಕ್ಕ ಬೇರೆ. ದೊಡ್ಡ ಬಂದರಿನಲ್ಲಿ ಸರಕು ಬೇಗ ಇಳಿಯುತ್ತದೆ. ಸಣ್ಣದರಲ್ಲಿ ಹಡಗು ದಿನಗಟ್ಟಲೆ ಕಾಯುತ್ತದೆ.

ಇದು ಆಟ ಕಟ್ಟಿದವರ ಕಲ್ಪನೆಯೇನಲ್ಲ. 1942ರ ಆಗಸ್ಟ್ 7ರಂದು ಅಮೆರಿಕದ ಮರೀನ್ ಪಡೆ ಸಾಲೊಮನ್ ದ್ವೀಪಗಳ ಗ್ವಾಡಲ್‌ಕೆನಾಲ್‌ನಲ್ಲಿ ಇಳಿಯಿತು. ಅದಕ್ಕೆ ಮುನ್ನ ಜುಲೈನಲ್ಲಿ, ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಬಂದರಿನಲ್ಲಿ, ಆ ಪಡೆಯ ಸರಕನ್ನು ಹಡಗುಗಳಿಂದ ಇಳಿಸಿ ಮತ್ತೆ ತುಂಬಬೇಕಾಯಿತು. ವ್ಯಾಪಾರದ ಹಡಗನ್ನು ಜಾಗ ಉಳಿಯುವಂತೆ ತುಂಬುತ್ತಾರೆ; ಯುದ್ಧಕ್ಕೆ ಹೊರಟ ಹಡಗಿನಲ್ಲಿ ದಡ ಮುಟ್ಟಿದೊಡನೆ ಬೇಕಾಗುವ ವಸ್ತು ಎಲ್ಲಕ್ಕಿಂತ ಮೇಲಿರಬೇಕು. ಸುರಿಯುವ ಮಳೆಯಲ್ಲಿ ಸೈನಿಕರೇ ಹೊರೆ ಹೊತ್ತರು. ರಟ್ಟಿನ ಪೆಟ್ಟಿಗೆಗಳು ನೆನೆದು ಒಡೆದು, ಆಹಾರವೆಲ್ಲ ಬಂದರಿನ ಕಟ್ಟೆಯ ಮೇಲೆ ಚೆಲ್ಲಿತು.

ಗ್ವಾಡಲ್‌ಕೆನಾಲ್‌ನ ದಡದಲ್ಲೂ ಹೊರುವ ಕೈಗಳು ಸಾಲದೆ ಪೆಟ್ಟಿಗೆಗಳು ರಾಶಿಬಿದ್ದವು. ಆಗಸ್ಟ್ 9ರಂದು ಹಡಗುಗಳು ಇಳಿಯದೆ ಉಳಿದ ಸರಕಿನೊಡನೆ ಹಿಂದಿರುಗಿದವು. ಮರೀನರಿಗೆ ದಿನಕ್ಕೆ ಎರಡೇ ಊಟವಾಯಿತು.

ಅತ್ತ ಹಿಂದಿನ ನೆಲೆಯಾಗಿದ್ದ ನ್ಯೂ ಕ್ಯಾಲಿಡೋನಿಯದ ನೂಮಿಯ ಬಂದರಿನಲ್ಲಿ ಹತ್ತಾರು ಹಡಗುಗಳು ಲಂಗರು ಹಾಕಿ ನಿಂತಿದ್ದವು. ಕಟ್ಟೆ, ಕ್ರೇನು, ಕೂಲಿ, ಉಗ್ರಾಣ ಯಾವುದೂ ಸಾಲದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಸ್ಥಿತಿ. ಆ ವರ್ಷದ ಕೊನೆಯಲ್ಲಿ ಸರಕು ಇಳಿಸುವ ಹೊಣೆಯನ್ನು ಭೂಸೇನೆ ವಹಿಸಿಕೊಂಡ ಮೇಲೆ ಕಗ್ಗಂಟು ಸಡಿಲವಾಯಿತು.

ಜಪಾನೀಯರ ಪಾಡು ಇನ್ನೂ ಘೋರ. ಹಗಲಿನಲ್ಲಿ ಅಮೆರಿಕದ ವಿಮಾನಗಳ ಭಯ. ನಿಧಾನವಾಗಿ ಸಾಗುವ ಸರಕು ಹಡಗುಗಳು ದ್ವೀಪ ತಲುಪುವುದೇ ಕಷ್ಟವಾಯಿತು. ವೇಗದ ಡೆಸ್ಟ್ರಾಯರ್‌ಗಳು ರಾತ್ರಿ ಬಂದು, ಅಕ್ಕಿ ಮೊದಲಾದವನ್ನು ತುಂಬಿದ ಪೀಪಾಯಿಗಳನ್ನು ಹಗ್ಗದಲ್ಲಿ ಪೋಣಿಸಿ ಸಮುದ್ರಕ್ಕೆ ಬಿಡುತ್ತಿದ್ದವು. ಎಷ್ಟೋ ಪೀಪಾಯಿಗಳು ದಡ ಸೇರಲೇ ಇಲ್ಲ. ಸಾವಿರಾರು ಸೈನಿಕರು ಹಸಿವಿನಿಂದಲೂ ರೋಗದಿಂದಲೂ ಸತ್ತರು. 1943ರ ಫೆಬ್ರವರಿಯಲ್ಲಿ ಬದುಕುಳಿದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಜಪಾನ್ ಹಿಂದಕ್ಕೆ ಕರೆಸಿಕೊಂಡಿತು. ಆ ನೆಲಕ್ಕೆ ಅವರಿಟ್ಟ ಹೆಸರು ‘ಹಸಿವಿನ ದ್ವೀಪ’.

ವಿದ್ಯಾರ್ಥಿಗಳು ಇದರ ಗಣಿತವನ್ನು ಕಾಗದದ ಮೇಲೂ ಮಾಡಿ ನೋಡಬಹುದು. ದಿನಕ್ಕೆ 500 ಟನ್ ಇಳಿಸಬಲ್ಲ ಒಂದು ಬಂದರು ಎಂದುಕೊಳ್ಳಿ. ಅಲ್ಲಿಗೆ 5,000 ಟನ್ ಹೊತ್ತ ನಾಲ್ಕು ಹಡಗುಗಳು ಒಟ್ಟಿಗೆ ಬಂದರೆ, ನಾಲ್ಕನೆಯದರ ಕೆಲಸ ಆರಂಭವಾಗುವುದು 30 ದಿನ ಕಳೆದ ಮೇಲೆ. ಇನ್ನೂ ನಾಲ್ಕು ಹಡಗು ಕಳಿಸಿದರೆ ಸರದಿ ಉದ್ದವಾಗುತ್ತದೆ, ಅಷ್ಟೆ. ಹೆಚ್ಚಬೇಕಾದ್ದು ಕಟ್ಟೆ ಮತ್ತು ಕೈಗಳು.

ಪೋಷಕರಿಗೆ ಒಂದು ಮಾತು. ಪೂರ್ತಿ ಯುದ್ಧವನ್ನು ಆಡಹೊರಟರೆ ಸಾವಿರಕ್ಕೂ ಮೀರಿದ ಸರದಿಗಳಾಗುತ್ತವೆ. ಪರೀಕ್ಷೆಯ ಕಾಲಕ್ಕೆ ಅದು ಹೇಳಿಸಿದ್ದಲ್ಲ. ಇಂಥ ಆಟಗಳಲ್ಲಿ ಚಿಕ್ಕ ಪ್ರಕರಣಗಳೂ ಇರುತ್ತವೆ, ರಜೆಗೆ ಅವು ಸಾಕು. ಆಡುವ ಮಕ್ಕಳ ಪಕ್ಕ ಕುಳಿತು, ಎಷ್ಟು ಹಡಗು ಮುಳುಗಿಸಿದೆ ಎಂದು ಕೇಳುವ ಮೊದಲು, ನಿನ್ನ ಸೈನಿಕರಿಗೆ ಎಷ್ಟು ದಿನದ ಅಕ್ಕಿ ಉಳಿದಿದೆ ಎಂದು ಕೇಳಿ ನೋಡಿ.