ಎರಡು ನುಡಿಯ ಶಾಲೆ, ಮೂರು ನುಡಿಯ ಮಗು

ದೊಮ್ಮಲೂರಿನ ಸುತ್ತಣ ಮನೆಗಳಲ್ಲಿ ಈಚಿನ ವರುಷಗಳಲ್ಲಿ ಹೊಸದೊಂದು ಚಿಂತೆ ಹುಟ್ಟಿಕೊಂಡಿದೆ. ಮನೆಯ ಯಜಮಾನರಿಗೋ ಗೃಹಿಣಿಗೋ ಫ್ರಾನ್ಸ್ ದೇಶಕ್ಕೆ ವರ್ಗವಾಗುತ್ತದೆ. ಬಾಡಿಗೆಯ ಮನೆ, ಚಳಿಯ ಉಡುಪು, ಸಾರಿನ ಪುಡಿ ಇವುಗಳಿಗೆಲ್ಲ ಒಂದೆರಡು ವಾರಗಳಲ್ಲಿ ಏರ್ಪಾಡಾಗುತ್ತದೆ. ಕೊನೆಯವರೆಗೂ ಬಗೆಹರಿಯದೆ ನಿಲ್ಲುವ ಪ್ರಶ್ನೆ ಒಂದೇ: ಮಕ್ಕಳನ್ನು ಅಲ್ಲಿ ಯಾವ ಶಾಲೆಗೆ ಸೇರಿಸುವುದು?

ಈ ಸೀಮೆಗೂ ಫ್ರಾನ್ಸಿಗೂ ನಂಟು ಇಂದಿನದಲ್ಲ. ದೊಮ್ಮಲೂರಿಗೆ ನೆರೆಯಾದ ವಿಮಾನ ಕಾರ್ಖಾನೆ, ಅಂದಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್, 1962ರಲ್ಲಿ ಫ್ರಾನ್ಸಿನ ಸೂದ್ ಏವಿಯೇಶನ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಅಲೂಯೆಟ್ ಹೆಲಿಕಾಪ್ಟರನ್ನು 'ಚೇತಕ್' ಎಂಬ ಹೆಸರಿನಿಂದ ಇಲ್ಲಿಯೇ ತಯಾರಿಸತೊಡಗಿತು. 1970ರ ದಶಕದಲ್ಲಿ ನಮ್ಮ ಬಾಹ್ಯಾಕಾಶ ಸಂಸ್ಥೆಯ ಎಂಜಿನಿಯರುಗಳು ರಾಕೆಟ್ ಎಂಜಿನ್ನಿನ ವಿದ್ಯೆಯನ್ನು ಕಲಿಯಲು ವೆರ್ನೋನ್ ಪಟ್ಟಣದಲ್ಲಿ ಹೋಗಿ ನೆಲಸಿದ್ದರು. ಇಂದು ವಿಮಾನ ನಿರ್ಮಾಣದ ತೂಲೂಸ್ ನಗರಕ್ಕೂ ಪ್ಯಾರಿಸ್ಸಿಗೂ ಇಲ್ಲಿಂದ ಹೋಗುವವರು ಸಂಸಾರ ಸಮೇತರಾಗಿ ಹೋಗುತ್ತಾರೆ. ಆದುದರಿಂದಲೇ ಶಾಲೆಯ ಪ್ರಶ್ನೆ ಮನೆಯ ಪ್ರಶ್ನೆಯಾಗಿದೆ.

ಹೋಗುವವರಿಗೆ ಮೊದಲು ದೊರೆಯುವ ಸಲಹೆ, 'ದ್ವಿಭಾಷಾ ಶಾಲೆಗೆ ಸೇರಿಸಿಬಿಡಿ' ಎಂಬುದು. ಕೇಳುವುದಕ್ಕೆ ಇದು ಹಿತವಾಗಿಯೇ ಇದೆ. ಆದರೆ ಆ ಎರಡು ಭಾಷೆಗಳು ಯಾವುವು ಎಂದು ಕೇಳಿದವರು ವಿರಳ. ಫ್ರಾನ್ಸಿನಲ್ಲಿ ನಮ್ಮವರು ನೋಡಹೋಗುವ ದ್ವಿಭಾಷಾ ಶಾಲೆಯೆಂದರೆ ಫ್ರೆಂಚ್ ಮತ್ತು ಇಂಗ್ಲಿಷ್ ಕಲಿಸುವ ಶಾಲೆ. ಅಲ್ಲಿಗೆ ಬರುವ ಬಹುಪಾಲು ಮಕ್ಕಳಿಗೆ ಆ ಎರಡರಲ್ಲಿ ಒಂದು ಮನೆಯ ಮಾತು. ಇನ್ನೊಂದನ್ನು ಅವರು ಶಾಲೆಯಲ್ಲಿ ಗಳಿಸಿಕೊಳ್ಳುತ್ತಾರೆ. ಕನ್ನಡದ ಮಗುವಿಗಾದರೋ ಎರಡೂ ಹೊರಗಿನವೇ. ಅಜ್ಜಿಯೊಡನೆ ಮಾತನಾಡುವ ಭಾಷೆಗೆ ಆ ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಗಂಟೆಯೂ ಇಲ್ಲ. ತಾಯ್ತಂದೆಯರು ಶಾಲೆಯನ್ನು ಆರಿಸುವ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಇದು.

ಆ ದೇಶದ ಶಾಲಾ ವ್ಯವಸ್ಥೆಯ ಸ್ಥೂಲ ಪರಿಚಯ ಇಲ್ಲಿ ಅವಶ್ಯಕ. 2019ರಿಂದ ಫ್ರಾನ್ಸಿನಲ್ಲಿ ಮೂರನೆಯ ವಯಸ್ಸಿಗೇ ವಿದ್ಯಾಭ್ಯಾಸ ಕಡ್ಡಾಯ. ಮೂರರಿಂದ ಆರರವರೆಗೆ 'ಮಾತೆರ್ನೆಲ್' ಎಂಬ ಶಿಶುಶಾಲೆ, ಆಮೇಲೆ ಐದು ವರ್ಷಗಳ ಪ್ರಾಥಮಿಕ ಶಾಲೆ, ನಾಲ್ಕು ವರ್ಷಗಳ 'ಕೊಲೇಜ್', ಮೂರು ವರ್ಷಗಳ 'ಲಿಸೇ'. ಕೊನೆಯಲ್ಲಿ 'ಬಕಲೋರೆಯಾ' ಪರೀಕ್ಷೆ. ವರ್ಷಾರಂಭ ಸೆಪ್ಟೆಂಬರಿನಲ್ಲಿ, ಜನವರಿಯಿಂದ ಡಿಸೆಂಬರಿನವರೆಗೆ ಒಂದೇ ವರ್ಷದಲ್ಲಿ ಹುಟ್ಟಿದವರೆಲ್ಲ ಸಾಮಾನ್ಯವಾಗಿ ಒಂದೇ ತರಗತಿ. ಸರಕಾರಿ ಶಾಲೆಯಲ್ಲಿ ಬೋಧನೆಗೆ ಶುಲ್ಕವಿಲ್ಲ. ಮಾತೆರ್ನೆಲ್ ಮತ್ತು ಪ್ರಾಥಮಿಕ ಶಾಲೆಗಳ ದಾಖಲೆ ಊರಿನ ಪುರಭವನದಲ್ಲಿ ಆಗುತ್ತದೆ. ಯಾವ ಬೀದಿಯ ಮಗು ಯಾವ ಶಾಲೆಗೆ ಎಂಬುದು ಬಹುಮಟ್ಟಿಗೆ ಮೊದಲೇ ಗೊತ್ತಾಗಿರುತ್ತದೆ. ಆದುದರಿಂದ ಮನೆ ಹಿಡಿದ ಮೇಲೆ ಶಾಲೆ ಹುಡುಕುವುದಕ್ಕಿಂತ, ಶಾಲೆಯನ್ನು ಕಂಡು ಮನೆ ಹಿಡಿಯುವುದು ಜಾಣತನ. 'ಮನೆಯಲ್ಲಿಯೇ ಒಂದು ವರ್ಷ ಪಾಠ ಹೇಳಿಕೊಂಡರಾಯಿತು' ಎಂದುಕೊಂಡವರಿಗೆ ಒಂದು ಎಚ್ಚರಿಕೆ: 2022ರ ಸೆಪ್ಟೆಂಬರಿನಿಂದ ಅದಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಅದು ಸುಲಭವಾಗಿ ದೊರೆಯುವುದಿಲ್ಲ.

ಫ್ರೆಂಚ್ ಒಂದಕ್ಷರವೂ ಬಾರದ ಮಗುವನ್ನು ನೆರೆಯ ಸರಕಾರಿ ಶಾಲೆಗೆ ಹೇಗೆ ಕಳಿಸುವುದೆಂದು ನಮ್ಮವರು ಹೆದರುತ್ತಾರೆ. ಇಂಥ ಮಕ್ಕಳಿಗೆಂದೇ ಅಲ್ಲಿ ವಿಶೇಷ ವರ್ಗಗಳಿವೆ. ಯು.ಪಿ.ಇ.2.ಎ. ಎಂಬ ಅಕ್ಷರಗಳಿಂದ ಅವನ್ನು ಕರೆಯುತ್ತಾರೆ; 2012ರಿಂದ ಈ ಹೆಸರು ಬಳಕೆಯಲ್ಲಿದೆ. ಹೊಸದಾಗಿ ಬಂದ ಮಗು ತನ್ನ ವಯಸ್ಸಿನ ಸಾಮಾನ್ಯ ತರಗತಿಗೇ ಸೇರಿ, ವಾರದಲ್ಲಿ ಕೆಲವು ಗಂಟೆಗಳ ಕಾಲ ಪ್ರತ್ಯೇಕವಾಗಿ ಫ್ರೆಂಚ್ ಕಲಿಯುತ್ತದೆ. ಈ ವರ್ಗಗಳು ಪ್ರತಿ ಶಾಲೆಯಲ್ಲಿಯೂ ಇಲ್ಲ. ಯಾವ ಶಾಲೆಯಲ್ಲಿವೆಯೆಂದು ವಿಚಾರಿಸಿ ತಿಳಿಯಬೇಕು. ಮಾತೆರ್ನೆಲ್‌ನ ಮಕ್ಕಳಿಗೆ ಇವು ಬೇಕಾಗುವುದೂ ಇಲ್ಲ. ಅವರು ಆಟದ ನಡುವೆ ಮಾತನ್ನು ಹೆಕ್ಕಿಕೊಳ್ಳುತ್ತಾರೆ.

ಇನ್ನು ದ್ವಿಭಾಷಾ ಶಾಲೆಗಳ ವಿಚಾರ. ಇವುಗಳಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಸರಕಾರಿ ಶಾಲೆಗಳೊಳಗಿನ ಅಂತರರಾಷ್ಟ್ರೀಯ ವಿಭಾಗ. 1981ರ ಆದೇಶದಿಂದ ಇವುಗಳಿಗೆ ಒಂದು ಖಚಿತ ರೂಪ ಬಂದಿತು. ಆದರೆ ಇವುಗಳ ಹಿರಿಯಕ್ಕ ಪ್ಯಾರಿಸ್ಸಿನ ಹತ್ತಿರದ ಸೇನ್-ಜರ್ಮೇನ್-ಆನ್-ಲೇ ಊರಿನ ಲಿಸೇ. ಮಿತ್ರರಾಷ್ಟ್ರಗಳ ಸೇನಾ ಕಾರ್ಯಾಲಯದವರ ಮಕ್ಕಳಿಗಾಗಿ 1952ರಲ್ಲಿ ಹುಟ್ಟಿದ ಶಾಲೆಯದು. ತೂಲೂಸ್ ಬಳಿಯ ಕೊಲೊಮಿಯೇ, ಗ್ರೆನೋಬ್ಲ್, ಲಿಯೋನ್, ಸ್ಟ್ರಾಸ್‌ಬುರ್ಗ್‌ಗಳಲ್ಲಿಯೂ ಇಂಥವಿವೆ. ಇಲ್ಲಿ ಬಹುಪಾಲು ಪಾಠ ಫ್ರೆಂಚಿನಲ್ಲಿಯೇ ನಡೆಯುತ್ತದೆ. ಪ್ರಾಥಮಿಕ ಹಂತದಲ್ಲಿ ವಾರಕ್ಕೆ ಕನಿಷ್ಠ 3 ಗಂಟೆ, ಮೇಲಿನ ತರಗತಿಗಳಲ್ಲಿ ಸಾಹಿತ್ಯವೂ ಇತಿಹಾಸ-ಭೂಗೋಳವೂ ವಿಭಾಗದ ಭಾಷೆಯಲ್ಲಿ. ಸೇರುವುದಕ್ಕೆ ಪರೀಕ್ಷೆಯುಂಟು, ಸ್ಥಳ ಕಡಿಮೆ. ಎರಡನೆಯ ಬಗೆ, ಸರಕಾರದೊಡನೆ ಕರಾರು ಮಾಡಿಕೊಂಡ ಖಾಸಗಿ ಶಾಲೆ. 1959ರ ಡಿಸೆಂಬರಿನ ಕಾಯಿದೆಯಂತೆ ಇವುಗಳ ಉಪಾಧ್ಯಾಯರಿಗೆ ಸರಕಾರವೇ ಸಂಬಳ ಕೊಡುತ್ತದೆ, ಪಾಠಕ್ರಮವೂ ಸರಕಾರದ್ದೇ. ಜಾನೀನ್ ಮಾನುವೆಲ್ ಎಂಬಾಕೆ 1954ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದ, ಈಗ ಆಕೆಯ ಹೆಸರನ್ನೇ ಹೊತ್ತಿರುವ ದ್ವಿಭಾಷಾ ಶಾಲೆ ಈ ಬಗೆಯಲ್ಲಿ ಹೆಸರುವಾಸಿ. ಮೂರನೆಯದು ಕರಾರಿಲ್ಲದ ಖಾಸಗಿ ಶಾಲೆ. ಪೂರ್ತಿ ಇಂಗ್ಲಿಷಿನಲ್ಲಿ ಕಲಿಸುವವು, ದಿನಕ್ಕೊಂದು ಭಾಷೆ ಎಂದು ಪಾಲು ಮಾಡಿಕೊಂಡವು ಮುಂತಾಗಿ ನಾನಾ ವಿಧ. ಇಲ್ಲಿ ಶುಲ್ಕ ಬಲು ಭಾರ. ಸಂಸ್ಥೆಯವರು ಕೊಡುವುದಾದರೆ ಅದನ್ನು ಕಾಗದದ ಮೇಲೆ ಬರೆಸಿಕೊಂಡೇ ಹೊರಡಬೇಕು.

ಹಾಗಾದರೆ ಯಾವುದನ್ನು ಆರಿಸುವುದು? ಶಾಲೆಯ ಹೆಸರಿನಿಂದ ಹೊರಟರೆ ಉತ್ತರ ಸಿಗದು. ಮಗುವಿಗೆ ಎಷ್ಟು ವಯಸ್ಸು, ಅಲ್ಲಿ ಎಷ್ಟು ವರ್ಷ ಇರುವಿರಿ ಎಂಬ ಎರಡು ಲೆಕ್ಕಗಳಿಂದ ಹೊರಡಬೇಕು. ಕೆನಡಾ ದೇಶದ ವಿದ್ವಾಂಸ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಿಂದ ಒಂದು ಭೇದವನ್ನು ತೋರಿಸಿಕೊಟ್ಟಿದ್ದಾರೆ. ವಲಸೆ ಬಂದ ಮಗು ಆಟದ ಬಯಲಿನ ಮಾತನ್ನು ಸುಮಾರು ಎರಡು ವರ್ಷಗಳಲ್ಲಿ ಕಲಿತುಬಿಡುತ್ತದೆ. ಆದರೆ ಪಾಠದ ಪುಸ್ತಕದ ಭಾಷೆಯಲ್ಲಿ ಓರಗೆಯವರಿಗೆ ಸಮನಾಗಲು ಐದರಿಂದ ಏಳು ವರ್ಷ ಬೇಕಾಗಬಹುದು. 'ನಮ್ಮ ಹುಡುಗಿ ಆರು ತಿಂಗಳಲ್ಲಿ ಫ್ರೆಂಚ್ ಮಾತನಾಡಿಬಿಟ್ಟಳು' ಎಂದು ಹಿಗ್ಗುವ ತಂದೆ ಈ ಭೇದವನ್ನು ನೆನಪಿನಲ್ಲಿಡಬೇಕು.

ಒಂದು ಸಣ್ಣ ಉದಾಹರಣೆ. ದೊಮ್ಮಲೂರಿನಲ್ಲಿ ಲೆಕ್ಕದಲ್ಲಿ ಮುಂದಿದ್ದ ಹುಡುಗ ಅಲ್ಲಿ ಮೊದಲ ವಾರವೇ ಮುಗ್ಗರಿಸುತ್ತಾನೆ. ಫ್ರೆಂಚರು ತೊಂಬತ್ತೇಳನ್ನು 'ನಾಲ್ಕಿಪ್ಪತ್ತು ಹದಿನೇಳು' ಎಂಬ ಅರ್ಥ ಬರುವಂತೆ ಹೇಳುತ್ತಾರೆ. ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಹುಡುಗನ ಗಣಿತ ಎಲ್ಲಿಯೂ ಹೋಗಿರುವುದಿಲ್ಲ. ಅದನ್ನು ಹೊರುವ ಮಾತು ಮಾತ್ರ ಬದಲಾಗಿರುತ್ತದೆ. ಇದನ್ನು ಅರಿಯದೆ ಮಗುವನ್ನು ದಡ್ಡನೆಂದು ಗದರುವ ಮನೆಗಳುಂಟು.

ಈ ಲೆಕ್ಕದಿಂದ ನನಗೆ ತೋರುವುದು ಹೀಗೆ. ಮೂರರಿಂದ ಏಳರೊಳಗಿನ ಮಗುವಿಗೆ ನೆರೆಯ ಸಾಮಾನ್ಯ ಶಾಲೆಯೇ ಮೇಲು. ಅಲ್ಲಿ ಗೆಳೆಯರು ಅದೇ ಬೀದಿಯವರಾಗಿರುತ್ತಾರೆ. ಮಧ್ಯಾಹ್ನ ಕನಿಷ್ಠ ಒಂದೂವರೆ ಗಂಟೆಯ ವಿರಾಮವಿರುವುದರಿಂದ, ಮನೆಯಲ್ಲಿ ಯಾರಾದರೂ ಇದ್ದರೆ ಮಗು ಊಟಕ್ಕೆ ಮನೆಗೇ ಬರಬಹುದು. ಸಸ್ಯಾಹಾರಿಗಳಿಗೆ ಇದು ಸಣ್ಣ ಅನುಕೂಲವಲ್ಲ. 2019ರ ನವೆಂಬರಿನಿಂದ ಶಾಲೆಯ ಊಟದಲ್ಲಿ ವಾರಕ್ಕೊಮ್ಮೆಯಾದರೂ ಸಸ್ಯಾಹಾರ ಇರಲೇಬೇಕೆಂಬ ನಿಯಮವಿದ್ದರೂ ಉಳಿದ ದಿನಗಳ ಮಾತು ಬೇರೆ. ಎಂಟರಿಂದ ಹನ್ನೆರಡರ ಮಗುವಿಗೆ, ಮೂರು ನಾಲ್ಕು ವರ್ಷ ಇರುವುದು ನಿಶ್ಚಯವಾದರೆ, ಯು.ಪಿ.ಇ.2.ಎ. ಇರುವ ಸರಕಾರಿ ಶಾಲೆ ಅಥವಾ ಅಂತರರಾಷ್ಟ್ರೀಯ ವಿಭಾಗ ಒಪ್ಪುತ್ತದೆ. ಎರಡು ವರ್ಷದೊಳಗೆ ಹಿಂದಿರುಗುವುದಾದರೆ, ಅಥವಾ ಮಗು ಹತ್ತನೆಯ ತರಗತಿಯ ಹೊಸ್ತಿಲಲ್ಲಿದ್ದರೆ, ಇಂಗ್ಲಿಷಿನಲ್ಲಿ ಕಲಿಸುವ ಶಾಲೆಯನ್ನು ನೋಡುವುದೇ ಸರಿ. ಹದಿನಾಲ್ಕರ ಹುಡುಗನನ್ನು ಹೊಸ ಭಾಷೆಯಲ್ಲಿ ಪರೀಕ್ಷೆಗೆ ತಳ್ಳುವುದು ಅವನಿಗೆ ಅನ್ಯಾಯ. ಮಗು ಅಲ್ಲಿಯೇ ಲಿಸೇ ಮುಗಿಸಿದರೆ ಇಲ್ಲಿ ಬಾಗಿಲು ಮುಚ್ಚುವುದೆಂಬ ಭಯ ಬೇಡ. ಪರಸ್ಪರ ವಿದ್ಯಾರ್ಹತೆಗಳನ್ನು ಮನ್ನಿಸುವ ಒಪ್ಪಂದಕ್ಕೆ ಭಾರತವೂ ಫ್ರಾನ್ಸೂ 2018ರ ಮಾರ್ಚಿಯಲ್ಲಿ ಸಹಿ ಹಾಕಿವೆ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಕನ್ನಡ. ಯಾವ ಶಾಲೆಯನ್ನು ಆರಿಸಿದರೂ ಅದರ ಹೊಣೆ ಮನೆಯದು. ಇಲ್ಲಿ ಹಿತೈಷಿಗಳೇ ಅಪಾಯ ತರುತ್ತಾರೆ. ಮಗು ಬೇಗ ಹೊಂದಿಕೊಳ್ಳಲಿ ಎಂದು ಮನೆಯಲ್ಲಿಯೂ ಇಂಗ್ಲಿಷನ್ನೋ ಹರಕುಮುರುಕು ಫ್ರೆಂಚನ್ನೋ ಆಡಿರೆಂದು ಉಪದೇಶಿಸುತ್ತಾರೆ. ಕಮಿನ್ಸ್ ಹೇಳುವುದು ಇದಕ್ಕೆ ವಿರುದ್ಧ: ಮನೆಯ ಭಾಷೆಯಲ್ಲಿ ಬೇರೂರಿದ ತಿಳಿವಳಿಕೆ ಹೊಸ ಭಾಷೆಯ ಓದಿಗೆ ನೆರವಾಗುತ್ತದೆ. ಕಾರಣ-ಕಾರ್ಯ, ಭಾಗಾಕಾರ, ನೆನ್ನೆ-ನಾಳೆ ಇವನ್ನು ಕನ್ನಡದಲ್ಲಿ ಚೆನ್ನಾಗಿ ಅರಿತ ಮಗು ಫ್ರೆಂಚಿನಲ್ಲಿ ಅವುಗಳ ಹೆಸರನ್ನಷ್ಟೇ ಕಲಿಯಬೇಕು.

ಇದನ್ನು ಒಪ್ಪುವುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರ ಮನೆಮಾತು ಮರಾಠಿ. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದುಕೊಟ್ಟವರು. ಮನೆಯಲ್ಲಿ ಒಂದು, ಹೊರಗೆ ಒಂದು ಎಂಬುದು ಅವರಿಗೆ ಕುಂದಾಗಲಿಲ್ಲ. ದೊಮ್ಮಲೂರನ್ನೇ ನೋಡಿರಿ. ಅಲ್ಲಿಯ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ಊರಿನ ಹೆಸರು ತೊಂಬಲೂರು ಎಂದಿದೆ. ಅಲ್ಲಿಯ ಬೀದಿಯಲ್ಲಿ ಬೆಳೆದ ಮಗು ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್‌ಗಳನ್ನು ಒಂದೇ ಸಂಜೆಯಲ್ಲಿ ಕೇಳುತ್ತದೆ. ಇಂಥ ಮಗುವಿಗೆ ಇನ್ನೊಂದು ನುಡಿ ಭಾರವಾಗದು. ಮನೆಯವರು ತಮ್ಮ ನುಡಿಯನ್ನು ಕೈಬಿಟ್ಟರೆ ಮಾತ್ರ ನಷ್ಟ.

ಆ ನಷ್ಟ ಮೆಲ್ಲಗೆ ಆಗುತ್ತದೆ. ಮೊದಲ ವರ್ಷ ಮಗು ಕನ್ನಡದಲ್ಲಿ ಕೇಳಿದುದಕ್ಕೆ ಕನ್ನಡದಲ್ಲಿಯೇ ಉತ್ತರಿಸುತ್ತದೆ. ಎರಡನೆಯ ವರ್ಷ ಅರ್ಥವಾಗುತ್ತದೆ, ಉತ್ತರ ಬೇರೆ ಭಾಷೆಯಲ್ಲಿ ಬರುತ್ತದೆ. ಮೂರನೆಯ ವರ್ಷ ದೂರವಾಣಿಯಲ್ಲಿ ಅಜ್ಜಿ ಮಾತನಾಡುತ್ತಾಳೆ, ಮಗು ನಗುತ್ತದೆ, ತಾಯಿ ನಡುವೆ ನಿಂತು ತರ್ಜುಮೆ ಮಾಡುತ್ತಾಳೆ. ಅದನ್ನು ತಡೆಯಲು ದೊಡ್ಡ ಸಾಹಸ ಬೇಡ. ಅಲ್ಲಿಯ ಹೆಚ್ಚಿನ ಊರುಗಳ ಪ್ರಾಥಮಿಕ ಶಾಲೆಗಳಿಗೆ ಬುಧವಾರ ರಜೆ; ಮೇಲಿನ ತರಗತಿಗಳಿಗೂ ಸಾಮಾನ್ಯವಾಗಿ ಅಂದಿನ ಮಧ್ಯಾಹ್ನ ಬಿಡುವು. ಆ ಬುಧವಾರ ಕನ್ನಡದ್ದಾಗಲಿ. ಅರ್ಧ ಗಂಟೆ ಓದು, ಅರ್ಧ ಪುಟ ಬರಹ, ಅಜ್ಜ ಅಜ್ಜಿಯರಿಗೆ ಕೈಯಾರೆ ಬರೆದ ಒಂದು ಕಾಗದ. ಮಾತು ಮಾತ್ರ ಸಾಲದು, ಅಕ್ಷರವೂ ಬೇಕು. ಓದಬಲ್ಲ ಮಗು ದೂರವಿದ್ದೂ ಭಾಷೆಯಲ್ಲಿ ಬೆಳೆಯುತ್ತದೆ. ಹಿಂದಿರುಗುವವರಿಗೆ ಇದರಲ್ಲಿ ವ್ಯಾವಹಾರಿಕ ಲಾಭವೂ ಉಂಟು: 2015ರ ಕನ್ನಡ ಭಾಷಾ ಕಲಿಕೆ ಕಾಯಿದೆಯಂತೆ ನಮ್ಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕು.

ಹೊರಡುವ ಮುನ್ನ ಮಾಡಬೇಕಾದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಜನನ ಪತ್ರ, ಹಿಂದಿನ ಎರಡು ಮೂರು ವರ್ಷಗಳ ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರ, ಲಸಿಕೆಗಳ ದಾಖಲೆ, ಇವೆಲ್ಲ ಕೈಪೆಟ್ಟಿಗೆಯಲ್ಲಿರಲಿ. ಪ್ರಮಾಣಿತ ಭಾಷಾಂತರಕಾರರಿಂದ ಫ್ರೆಂಚಿಗೆ ಮಾಡಿಸಬೇಕಾಗಿ ಬರಬಹುದು. ವಸಂತನಗರದ ಆಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಮೂರು ತಿಂಗಳಾದರೂ ಪಾಠಕ್ಕೆ ಸೇರಿರಿ, ಮಗುವಷ್ಟೇ ಅಲ್ಲ, ತಾಯಿಯೂ ತಂದೆಯೂ. ಶಾಲೆಯವರನ್ನು ಮೂರು ಪ್ರಶ್ನೆ ಕೇಳಿರಿ: ವಾರದಲ್ಲಿ ಯಾವ ಭಾಷೆಯಲ್ಲಿ ಎಷ್ಟು ಗಂಟೆ ಪಾಠ? ಫ್ರೆಂಚ್ ಬಾರದ ಮಗುವಿಗೆ ಮೊದಲ ವರ್ಷ ಏನು ಏರ್ಪಾಡು? ಕರಾರು ಉಂಟೋ ಇಲ್ಲವೋ?

ನಾಲ್ಕನೆಯ ಪ್ರಶ್ನೆಯನ್ನು ಮನೆಯವರು ತಮ್ಮನ್ನೇ ಕೇಳಿಕೊಳ್ಳಬೇಕು: ನಮ್ಮ ಮನೆಯಲ್ಲಿ ಕನ್ನಡಕ್ಕೆ ವಾರಕ್ಕೆ ಎಷ್ಟು ಗಂಟೆ? ಇದಕ್ಕೆ ಉತ್ತರ ಸಿದ್ಧವಾಗಿದ್ದರೆ ಯಾವ ಶಾಲೆಗೆ ಕಳಿಸಿದರೂ ಮಗು ಶ್ರೀಮಂತವಾಗಿಯೇ ಹಿಂದಿರುಗುತ್ತದೆ.