ನೀಲಕಂಠನ ದರ್ಶನ, ದುಡ್ಡಿಲ್ಲದೆ

ದಸರೆ ಬಂತು, ಸೋದರಿಯರೇ. ಬನ್ನಿ ಹಂಚುವ ದಿನ ನೀಲಕಂಠ ಹಕ್ಕಿ ಕಣ್ಣಿಗೆ ಬಿದ್ದರೆ ವರ್ಷವೆಲ್ಲ ಶುಭ ಎಂಬುದು ಹಲವರ ನಂಬಿಕೆ. ಬೀದರಿನ ಗಡಿ ದಾಟಿದರೆ ತೆಲಂಗಾಣದವರು ಇದನ್ನೇ ಪಾಲಪಿಟ್ಟ ಎನ್ನುತ್ತಾರೆ. ನಮ್ಮ ರಾಜ್ಯಪಕ್ಷಿಯೂ ಇದೇ, ಅವರದ್ದೂ ಇದೇ.

ಆದರೆ ಈ ಭಕ್ತಿಯೇ ಹಕ್ಕಿಗೆ ಕುತ್ತು ನೋಡಿ! ಹೈದರಾಬಾದಿನ ಕಡೆ ಹಬ್ಬಕ್ಕೆ ಮುಂಚೆ ಇದನ್ನು ಹಿಡಿದು, ರೆಕ್ಕೆ ಕಟ್ಟಿ, ಪಂಜರದಲ್ಲಿಟ್ಟು ದುಡ್ಡಿಗೆ ತೋರಿಸುವುದುಂಟು. ಅನ್ನನೀರಿಲ್ಲದೆ ಎಷ್ಟೋ ಹಕ್ಕಿಗಳು ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಅಪರಾಧ.

ಹಾಗಂತ ಅತ್ತೆಯವರು ನೋಡಬೇಕೆಂದರೆ ಬೇಡ ಅನ್ನಬೇಡಿ. ಹೊಲದ ಕಡೆ ಕರೆದುಕೊಂಡು ಹೋಗಿ. ಭಾಲ್ಕಿ, ಔರಾದ ಕಡೆ ಸೋಯಾ ಕೊಯ್ದ ಹೊಲದ ಪಕ್ಕ ಕರೆಂಟಿನ ತಂತಿ, ಒಣ ಕೊಂಬೆ ಹುಡುಕಿ. ಕೂತಾಗ ಮಾಸಲು ಕಂದು ಬಣ್ಣ, ಇದೇನು ಮಹಾ ಅನ್ನಿಸುತ್ತೆ. ಮಿಡತೆ ಕಂಡು ಕೆಳಗೆ ಹಾರಿತೋ, ರೆಕ್ಕೆಯ ನೀಲಿ ಫಳ್ಳನೆ ಹೊಳೆಯುತ್ತೆ! ಬೆಳೆ ತಿನ್ನುವ ಹುಳಹುಪ್ಪಟೆಗಳನ್ನು ತಿಂದು ರೈತನಿಗೂ ಉಪಕಾರ ಮಾಡುತ್ತೆ.

ಕಾಡಿನಲ್ಲಿ ಪಕ್ಷಿ ನೋಡುವವರು ಸೊಪ್ಪು, ಗೋಣಿತಟ್ಟಿನ ಮರೆ ಕಟ್ಟಿ ಸಣ್ಣ ಕಿಂಡಿಯಿಂದ ನೋಡುತ್ತಾರೆ. ಹಕ್ಕಿ ಹೆದರುವುದು ನಮ್ಮ ಆಕಾರಕ್ಕೆ, ಅಲುಗಾಟಕ್ಕೆ. ನಮಗೆ ಬೇವಿನ ಮರದ ಬುಡವೋ ನಿಂತ ಎತ್ತಿನ ಗಾಡಿಯೋ ಸಾಕು. ಇಷ್ಟು ನೆನಪಿಡಿ:

1. ಬೆಳಿಗ್ಗೆ ಬೇಗ ಹೋಗಿ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ, ಬಣ್ಣ ಚೆನ್ನಾಗಿ ಕಾಣುತ್ತೆ.

2. ಹೊಳೆಯುವ ಜರಿ ಬೇಡ, ಮಾಸಲು ಬಣ್ಣದ ಸೀರೆ ಉಡಿ. ಬಳೆ ಸದ್ದಾಗದಂತೆ ಸೆರಗು ಸುತ್ತಿಕೊಳ್ಳಿ.

3. ಅರ್ಧ ಗಂಟೆ ಕದಲದೆ ಕೂಡಿ. ಮಕ್ಕಳಿಗೆ ಪಿಸುಮಾತಿನಲ್ಲೇ ಹೇಳಿ.

4. ಹಾರಲೆಂದು ಕಲ್ಲು ಎಸೆಯಬೇಡಿ, ಚಪ್ಪಾಳೆ ತಟ್ಟಬೇಡಿ. ಹಸಿವಾದಾಗ ತಾನೇ ಹಾರುತ್ತೆ.

ಈ ತಾಳ್ಮೆ ಬಂದರೆ ಚಳಿಗಾಲದಲ್ಲಿ ಕಾರಂಜಾ ಜಲಾಶಯದ ದಡದಲ್ಲಿ ಬಾತುಕೋಳಿಗಳನ್ನೂ ಹೀಗೇ ನೋಡಬಹುದು. ಮನೆ ಬಿಟ್ಟು ಹೋಗಲಾಗದವರಿಗೆ ಅಡುಗೆಮನೆ ಕಿಟಕಿಯೇ ಮರೆ. ಹಳೇ ಸೀರೆಯ ಪರದೆ ಕಟ್ಟಿ, ಹೊರಗೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರಿಡಿ. ದಿನವೂ ತೊಳೆದು ಬದಲಿಸಿ. ನೀಲಕಂಠ ಬರದಿದ್ದರೂ ಗುಬ್ಬಿ, ಗೊರವಂಕಗಳು ಬಂದಾವು.

ಪಂಜರದ ಹಕ್ಕಿ ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ಒಂದು ಪೈಸೆಯೂ ಕೊಡಬೇಡಿ. ಕನಿಕರದಿಂದ ಕೊಂಡು ಬಿಡಿಸಿದರೂ ಅವನು ನಾಳೆ ಮತ್ತೊಂದನ್ನು ಹಿಡಿದು ತರುತ್ತಾನೆ. ಅರಣ್ಯ ಇಲಾಖೆಗೆ ತಿಳಿಸಿ. ದುಡ್ಡು ಕೊಡುವವರೇ ಇಲ್ಲವಾದರೆ ಬಲೆ ಹಾಕುವವರೂ ಇರೋದಿಲ್ಲ, ಅಲ್ಲವೇ?